ಹೊಸ ಪಿಸ್ತೂಲೋ, ಕೈ ಬದಲಾದ ಪಿಸ್ತೂಲೋ?

ನಿವೃತ್ತ ಮೇಷ್ಟ್ರನ್ನು ಹುಡುಕಿಕೊಂಡು ಬರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರೇ. ಮಗುವನ್ನು ಯಾವ ಶಾಲೆಗೆ ಸೇರಿಸೋಣ, ಪಿಯುಸಿಯಲ್ಲಿ ಯಾವ ವಿಷಯ ಕೊಡಿಸೋಣ, ನಿಮ್ಮ ಕಡೆ ಒಳ್ಳೆಯ ಸಂಬಂಧವೇನಾದರೂ ಇದೆಯೇ. ಈಚಿನ ಒಂದೆರಡು ವರ್ಷಗಳಿಂದ ಈ ಪಟ್ಟಿಗೆ ನಾಲ್ಕನೆಯದೊಂದು ಸೇರಿಕೊಂಡಿದೆ: “ಸಾರ್, ಮಗಳಿಗೆ ಪಿಸ್ತೂಲು ಕೊಡಿಸಬೇಕು, ಹೊಸದು ತೆಗೆದುಕೊಳ್ಳಲೋ, ಹಳೆಯದು ಸಾಕೋ?”

ಗಾಬರಿಯಾಗಬೇಡಿ. ಇದು ಕಳ್ಳಕಾಕರ ಪಿಸ್ತೂಲಲ್ಲ; ಹತ್ತು ಮೀಟರ್ ದೂರದ ಕಾಗದದ ಗುರಿಗೆ ಸೀಸದ ಪುಟ್ಟ ಪೆಲೆಟ್ ಹೊಡೆಯುವ, ಒಲಿಂಪಿಕ್ಸ್‌ನಲ್ಲಿಯೂ ಸ್ಪರ್ಧೆಯಿರುವ ಏರ್ ಪಿಸ್ತೂಲು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದದ್ದನ್ನು ನೀವೆಲ್ಲ ದೂರದರ್ಶನದಲ್ಲಿ ನೋಡಿದ್ದೀರಿ. ಅದಾದ ಮೇಲೆ ಅನೇಕ ಮನೆಗಳಲ್ಲಿ ಈ ಆಸೆ ಚಿಗುರಿತು. ಚಿಗುರಲಿ, ಸಂತೋಷವೇ. ಆದರೆ ಆಸೆಯ ಹಿಂದೆಯೇ ಬೆಲೆಪಟ್ಟಿಯೂ ಬರುತ್ತದೆ. ಪಂದ್ಯಕ್ಕೆ ಯೋಗ್ಯವಾದ ಹೊಸ ವಿದೇಶಿ ಏರ್ ಪಿಸ್ತೂಲೊಂದಕ್ಕೆ ಇಂದು ಸಾಮಾನ್ಯವಾಗಿ ಒಂದೂವರೆ ಲಕ್ಷ ರೂಪಾಯಿಗೂ ಮೇಲಾಗುತ್ತದೆ. ಕೆಲವು ಮಾದರಿಗಳು ಎರಡು ಲಕ್ಷವನ್ನೂ ದಾಟುತ್ತವೆ. ಸಂಬಳದ ಮೇಲೆ, ಇಲ್ಲವೇ ಎರಡು ಎಕರೆ ತೋಟದ ಮೇಲೆ ಸಂಸಾರ ನಡೆಸುವವನಿಗೆ ಇದು ಹುಡುಗಾಟದ ಮೊತ್ತವಲ್ಲ.

ಹೀಗೆ ಕೇಳಿದವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಅವನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಎಂಟು ತಿಂಗಳಿಂದ ಕ್ಲಬ್ಬಿನ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ಹೆಂಡತಿಯ ಒಡವೆ ಅಡವಿಟ್ಟು ಹೊಸದನ್ನೇ ಕೊಡಿಸುವುದೆಂದು ಗಂಡ ಹೆಂಡಿರಿಬ್ಬರೂ ನಿಶ್ಚಯಿಸಿಕೊಂಡಿದ್ದರು. “ಕೊಡಿಸುವುದೇ ಆದರೆ ಒಳ್ಳೆಯದನ್ನೇ ಕೊಡಿಸೋಣ ಅಂತ ಸಾರ್” ಎಂದ. ಆ ಮಾತಿನಲ್ಲಿ ತಂದೆಯ ಪ್ರೀತಿಯಿದೆ, ಗೌರವಿಸುತ್ತೇನೆ. ಆದರೆ ‘ಒಳ್ಳೆಯದು’ ಮತ್ತು ‘ಹೊಸದು’ ಎಂಬ ಎರಡು ಪದಗಳನ್ನು ನಾವು ಸಮಾನಾರ್ಥಕಗಳೆಂದು ಭಾವಿಸಿಬಿಟ್ಟಿದ್ದೇವೆ. ಪಿಸ್ತೂಲಿನ ಮಟ್ಟಿಗಂತೂ ಅವು ಸಮಾನಾರ್ಥಕಗಳಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮಗುವಿನ ಮೊದಲ ಪಿಸ್ತೂಲು, ಪರೀಕ್ಷಿಸಿ ತೆಗೆದುಕೊಂಡ, ಬಳಸಿದ ಪಿಸ್ತೂಲೇ ಆಗಿರಬೇಕು. ಹೊಸದು ಬೇಕೆಂದು ಮುಂದೆ ಆ ಮಗುವಿನ ಅಂಕಗಳೇ ಕೇಳಿದರೆ ಆಗ ಕೊಡಿಸಿದರಾಯಿತು.

ಮೇಷ್ಟ್ರಿಗೆ ಪಿಸ್ತೂಲಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ನನ್ನ ಕೈಕೆಳಗೆ ಓದಿದವರಿಗೆ ನೆನಪಿರುತ್ತದೆ, ಪಾಠದ ಜೊತೆಗೆ ಶಾಲೆಯ ಎನ್‌ಸಿಸಿ ತುಕಡಿಯನ್ನೂ ನಾನು ಬಹಳ ವರ್ಷ ನೋಡಿಕೊಂಡವನು. ವರ್ಷಕ್ಕೊಮ್ಮೆ ಶಿಬಿರದಲ್ಲಿ ಪಾಯಿಂಟ್ 22 ರೈಫಲ್ಲಿನಿಂದ ಗುರಿ ಹೊಡೆಯುವ ಅಭ್ಯಾಸವಿರುತ್ತಿತ್ತು. ಆ ರೈಫಲ್ಲುಗಳು ಎಷ್ಟು ಸಾವಿರ ಹುಡುಗರ ಭುಜ ಕಂಡಿದ್ದವೋ ದೇವರೇ ಬಲ್ಲ. ಹುಡುಗರಲ್ಲಿ ಒಂದು ನಂಬಿಕೆ ಹಬ್ಬಿತ್ತು, ಮೂರನೆಯ ನಂಬರಿನ ರೈಫಲ್ಲು ಬಹಳ ಒಳ್ಳೆಯದು, ಐದನೆಯದು ಎಡಕ್ಕೆ ಎಳೆಯುತ್ತದೆ ಎಂದು. ಮೂರನೆಯದಕ್ಕಾಗಿ ಜಗಳವೇ ಆಗುತ್ತಿತ್ತು. ಒಂದು ವರ್ಷ ಎಲ್ಲ ನಂಬರುಗಳ ಮೇಲೂ ಬಟ್ಟೆಯ ಪಟ್ಟಿ ಅಂಟಿಸಿ, ಯಾವುದು ಯಾವುದೆಂದು ತಿಳಿಯದಂತೆ ಹಂಚಿದೆ. ಚೆನ್ನಾಗಿ ಹೊಡೆಯುವವರು ಅಂದೂ ಚೆನ್ನಾಗಿಯೇ ಹೊಡೆದರು. ಉಳಿದವರ ಗುರಿ ಎಂದಿನಂತೆ ಚದುರಿತು. ಸಂಜೆ ಪಟ್ಟಿಗಳನ್ನು ಬಿಚ್ಚಿ ತೋರಿಸಿದಾಗ, ಅಂದಿನ ಅತ್ಯುತ್ತಮ ಗುರಿ ಆ ಅಪಕೀರ್ತಿಯ ಐದನೆಯ ರೈಫಲ್ಲಿನದಾಗಿತ್ತು. ಹುಡುಗರು ನಕ್ಕರು, ಮರುದಿನದಿಂದ ಜಗಳ ನಿಂತಿತು.

ಇದರಿಂದ ಉಪಕರಣ ಯಾವುದಾದರೂ ಆದೀತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದ ತುರ್ಕಿಯ ಯೂಸುಫ್ ದಿಕೆಚ್ ಅವರ ಉದಾಹರಣೆ ಕೊಡುತ್ತಾರೆ. ಐವತ್ತೊಂದು ವರ್ಷದ ಆ ಮನುಷ್ಯ ವಿಶೇಷ ಮಸೂರವಿಲ್ಲದೆ, ಸಾಮಾನ್ಯ ಕನ್ನಡಕ ಹಾಕಿಕೊಂಡು, ಒಂದು ಕೈಯನ್ನು ಜೇಬಿನಲ್ಲಿಟ್ಟು ಗುರಿ ಹೊಡೆದ ಚಿತ್ರ ಜಗತ್ತೆಲ್ಲ ಸುತ್ತಿತು. ಏನೂ ಇಲ್ಲದೆ ಗೆದ್ದರು ಎಂದು ಜನ ಕೊಂಡಾಡಿದರು. ಆದರೆ ಅವರ ಇನ್ನೊಂದು ಕೈಯಲ್ಲಿ ಇದ್ದದ್ದು ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಬಂದೂಕಲ್ಲ, ಪಂದ್ಯಕ್ಕೆಂದೇ ತಯಾರಾದ ನಿಖರವಾದ ಪಿಸ್ತೂಲು. ಉಳಿದ ಅಲಂಕಾರಗಳನ್ನು ಬಿಡಬಹುದು, ಪಿಸ್ತೂಲಿನ ಯೋಗ್ಯತೆಯನ್ನು ಬಿಡುವಂತಿಲ್ಲ. ಆದ್ದರಿಂದಲೇ, ಅಂತರ್ಜಾಲದ ಅಂಗಡಿಗಳಲ್ಲಿ ಹತ್ತು ಹದಿನೈದು ಸಾವಿರಕ್ಕೆ ಸಿಗುವ, ಹೊಳೆಯುವ ಹೊಸ ಪಿಸ್ತೂಲನ್ನು ಕೊಳ್ಳಬೇಡಿ ಎಂಬುದು ನನ್ನ ಮೊದಲ ಮಾತು. ಅದರ ಟ್ರಿಗರ್ ಒರಟು, ಗುರಿಯ ಕಣ್ಣು ಸಡಿಲ. ಮಗು ತನ್ನ ತಪ್ಪು ಯಾವುದು, ಪಿಸ್ತೂಲಿನ ತಪ್ಪು ಯಾವುದು ಎಂದು ತಿಳಿಯದೆ ಒದ್ದಾಡುತ್ತದೆ. ಹೊಸದಾದ ಕಳಪೆಗಿಂತ ಹಳೆಯದಾದ ಉತ್ತಮ ಎಷ್ಟೋ ಮೇಲು.

ಇನ್ನು ನಿಜವಾದ ಪಂದ್ಯದ ಪಿಸ್ತೂಲುಗಳ ವಿಚಾರ. ಆಸ್ಟ್ರಿಯಾದ ಸ್ಟೆಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಜರ್ಮನಿಯ ವಾಲ್ಟರ್ ಮತ್ತು ಫೈನ್‌ವರ್ಕ್‌ಬೌ, ಇಟಲಿಯ ಪಾರ್ದಿನಿ, ಇವು ಈ ಕ್ಷೇತ್ರದ ಪ್ರಸಿದ್ಧ ಹೆಸರುಗಳು. ಇವುಗಳಲ್ಲಿ ಬಳಸಿದ್ದನ್ನು ಕೊಂಡರೂ ನಷ್ಟವಿಲ್ಲ ಎನ್ನುವುದಕ್ಕೆ ಭೌತಶಾಸ್ತ್ರದ ಕಾರಣವೇ ಇದೆ. ಮದ್ದು ಸಿಡಿದು ಗುಂಡು ಹಾರುವ ಕೋವಿಯಲ್ಲಿ ಬಿಸಿ ಅನಿಲವೂ ಒತ್ತಡವೂ ಸೇರಿ ನಳಿಗೆಯನ್ನು ಕ್ರಮೇಣ ಸವೆಸುತ್ತವೆ. ಏರ್ ಪಿಸ್ತೂಲಿನಲ್ಲಿ ಬೆಂಕಿಯೇ ಇಲ್ಲ. ಒತ್ತಿ ತುಂಬಿದ ತಣ್ಣನೆಯ ಗಾಳಿಯು 4.5 ಮಿಲಿಮೀಟರ್ ದಪ್ಪದ ಮೆತ್ತನೆಯ ಸೀಸದ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ನೂಕುತ್ತದೆ, ಅಷ್ಟೆ. ಉಕ್ಕಿನ ನಳಿಗೆ ಇದರಿಂದ ಸವೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಸವೆಯುವುದು ಗಾಳಿ ತಡೆಯುವ ರಬ್ಬರಿನ ಉಂಗುರಗಳು; ಅವು ಸಣ್ಣ ಬೆಲೆಯ ವಸ್ತುಗಳು, ಬದಲಾಯಿಸಬಹುದು. ಹತ್ತು ವರ್ಷ ಬಳಸಿದ ಕಾರನ್ನೂ ಹತ್ತು ವರ್ಷ ಬಳಸಿದ ಏರ್ ಪಿಸ್ತೂಲನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು ಎನ್ನುವುದು ಇದೇ ಕಾರಣಕ್ಕೆ.

ಆದರೆ ಒಂದು ಭಾಗಕ್ಕೆ ಮಾತ್ರ ಆಯುಷ್ಯದ ಮಿತಿಯಿದೆ, ಅದನ್ನು ಮರೆಯುವಂತಿಲ್ಲ. ನಳಿಗೆಯ ಕೆಳಗಿರುವ ಗಾಳಿಯ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದವರೆಗೆ ಗಾಳಿ ತುಂಬಿರುತ್ತದೆ. ಅಂದರೆ ನಮ್ಮ ಸುತ್ತಲಿನ ವಾತಾವರಣದ ಒತ್ತಡದ ಇನ್ನೂರು ಪಟ್ಟು. ಅಂತಹ ಸಿಲಿಂಡರನ್ನು ಗರಿಷ್ಠ ಹತ್ತು ವರ್ಷ ಮಾತ್ರ ಬಳಸಬೇಕೆಂಬುದು ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ. ದಿನಾಂಕವನ್ನು ಸಿಲಿಂಡರಿನ ಮೇಲೆಯೇ ಕೆತ್ತಿರುತ್ತಾರೆ. ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳುವ ಹೊಣೆ ಸ್ಪರ್ಧಿಯದೇ. ಇದು ಕೇವಲ ಪಂದ್ಯದ ಕಟ್ಟಳೆಯಲ್ಲ, ಮಗುವಿನ ಮುಖದ ಮುಂದೆಯೇ ಇರುವ ಒತ್ತಡದ ಪಾತ್ರೆಯ ಸುರಕ್ಷತೆಯ ಪ್ರಶ್ನೆ. ಆದ್ದರಿಂದ ಹಳೆಯ ಪಿಸ್ತೂಲನ್ನು ನೋಡಲು ಹೋದಾಗ ಮೊದಲು ಓದಬೇಕಾದದ್ದು ಈ ದಿನಾಂಕವನ್ನು. ಎಂಟು ವರ್ಷ ಕಳೆದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ವಿಚಾರಿಸಿ, ಅಷ್ಟನ್ನು ಕಳೆದು ಚೌಕಾಸಿ ಮಾಡಿ. ಆ ಮಾದರಿಗೆ ಹೊಸ ಸಿಲಿಂಡರು ಈಗಲೂ ಸಿಗುತ್ತದೆಯೇ ಎಂಬುದನ್ನೂ ಮುಂಚೆಯೇ ಕೇಳಿ ತಿಳಿಯಿರಿ. ಸಿಗದೆ ಹೋದರೆ ಪಿಸ್ತೂಲು ಎಷ್ಟೇ ಅಂದವಾಗಿರಲಿ, ನಮಸ್ಕಾರ ಹೇಳಿ ಬನ್ನಿ.

ಹಳೆಯ ಮಾದರಿಗಳಲ್ಲಿ ಇನ್ನೆರಡು ಜಾತಿಗಳು ಕಣ್ಣಿಗೆ ಬೀಳುತ್ತವೆ. ಒಂದು, ಇಂಗಾಲದ ಡೈ ಆಕ್ಸೈಡಿನಿಂದ ನಡೆಯುವುದು. ಆ ಅನಿಲದ ಒತ್ತಡ ಬಿಸಿಲು ಚಳಿಗೆ ತಕ್ಕಂತೆ ಏರಿಳಿಯುತ್ತದೆಂದು ಹೈಸ್ಕೂಲಿನ ವಿಜ್ಞಾನ ಓದಿದವರಿಗೂ ಗೊತ್ತು. ನಮ್ಮ ಬೇಸಿಗೆಯಲ್ಲಿ ಅದರ ಸಹವಾಸ ಬೇಡ. ಇನ್ನೊಂದು, ಪ್ರತಿ ಸಲವೂ ಸನ್ನೆಗೋಲೆಳೆದು ಕೈಯಿಂದಲೇ ಗಾಳಿ ಒತ್ತುವಂಥದ್ದು. ಫೈನ್‌ವರ್ಕ್‌ಬೌ 103 ಇದಕ್ಕೆ ಉದಾಹರಣೆ. ಇದರಲ್ಲಿ ಸಿಲಿಂಡರಿಲ್ಲ, ಹತ್ತು ವರ್ಷದ ಗಡುವೂ ಇಲ್ಲ, ಗಾಳಿ ತುಂಬಿಸಲು ಊರೂರು ಅಲೆಯುವ ಕೆಲಸವೂ ಇಲ್ಲ. ನಿಖರತೆಯಲ್ಲಿ ಕಡಿಮೆಯದಲ್ಲ. ಆದರೆ ಪಂದ್ಯದಲ್ಲಿ ಅರವತ್ತು ಸಲ, ಅದಕ್ಕೂ ಮೊದಲು ಅಭ್ಯಾಸದ ಹೊಡೆತಗಳಿಗೆ ಇನ್ನಷ್ಟು ಸಲ ಸನ್ನೆ ಎಳೆದು ದಣಿದ ಎಳೆಯ ತೋಳು ಆಮೇಲೆ ಸ್ಥಿರವಾಗಿ ನಿಲ್ಲಬೇಕಲ್ಲ! ದಂಡಿಗೆಯಂಥ ತೋಳಿರುವ ಹುಡುಗನಿಗೆ ಆದೀತು, ಹನ್ನೆರಡು ವರ್ಷದ ಮಗುವಿಗೆ ಬೇಡ.

ಪರೀಕ್ಷಿಸುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಕಾದವರು ಬರೆದಿಟ್ಟುಕೊಳ್ಳಿ. ಸಿಲಿಂಡರು ತುಂಬಿಸಿ ಮಾಪಕದ ಮುಳ್ಳು ಎಲ್ಲಿದೆಯೆಂದು ಗುರುತು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಎಲ್ಲಿಯೋ ಗಾಳಿ ಸೋರುತ್ತಿದೆಯೆಂದೇ ಅರ್ಥ. ಟ್ರಿಗರಿನ ತೂಕ 500 ಗ್ರಾಮಿಗಿಂತ ಕಡಿಮೆಯಿರಬಾರದೆಂಬ ನಿಯಮವಿದೆ. ಕ್ಲಬ್ಬಿನಲ್ಲಿ ಅದಕ್ಕೆಂದೇ ತೂಕದ ಬಟ್ಟಿರುತ್ತದೆ, ಅದನ್ನು ಟ್ರಿಗರಿನಿಂದ ಎತ್ತಿ ನೋಡಿ. ತಿರುಪುಗಳ ತಲೆ ಕಿತ್ತು ಹೋಗಿದ್ದರೆ ಯಾರೋ ತಿಳಿಯದವರು ಬಿಚ್ಚಿ ಜೋಡಿಸಿದ್ದಾರೆಂದು ಊಹಿಸಬಹುದು. ಪಿಸ್ತೂಲನ್ನು ಆಧಾರದ ಮೇಲೆ ಅಲುಗಾಡದಂತೆ ಇರಿಸಿ ಐದು ಪೆಲೆಟ್ ಹೊಡೆಸಿ. ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಸರಿಯಾದ ಪಿಸ್ತೂಲಾದರೆ ಐದೂ ತೂತುಗಳು ಒಂದರೊಳಗೊಂದು ಸೇರಿ ಆ ವೃತ್ತದೊಳಗೇ ಕುಳಿತಿರುತ್ತವೆ. ಇದನ್ನೆಲ್ಲ ನೀವೇ ಮಾಡಲು ಹೋಗಬೇಡಿ; ತರಬೇತುದಾರರನ್ನು ಕರೆದುಕೊಂಡು ಹೋಗಿ. ಎತ್ತು ಕೊಳ್ಳಲು ಸಂತೆಗೆ ಹೋಗುವಾಗ ಹಲ್ಲು ನೋಡಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯುತ್ತಿದ್ದೆವಲ್ಲವೇ, ಹಾಗೆ.

ಹಿಂಭಾಗದ ಸೈಟನ್ನೂ ತಿರುಗಿಸಿ ನೋಡಿ. (ಬೆಂಗಳೂರಿನ ಬಂಧುಗಳು ಕಿವಿ ನಿಮಿರಿಸುವುದು ಬೇಡ, ಇಲ್ಲಿ ಸೈಟೆಂದರೆ ಮೂವತ್ತು ನಲವತ್ತರ ನಿವೇಶನವಲ್ಲ, ಗುರಿ ನೋಡುವ ಪಟ್ಟಿ!) ಒಂದೊಂದು ಹೆಜ್ಜೆ ತಿರುಗಿಸಿದಾಗಲೂ ಸಣ್ಣಗೆ ಟಿಕ್ ಎನ್ನಬೇಕು, ಸಡಿಲವಾಗಿ ಜಾರಬಾರದು. ವಿದ್ಯುನ್ಮಾನ ಟ್ರಿಗರಿನ ಮಾದರಿಯಾದರೆ ಅದರ ಮಂಡಲವನ್ನು ದುರಸ್ತಿ ಮಾಡಬಲ್ಲವರು ಎಷ್ಟು ದೂರದಲ್ಲಿದ್ದಾರೆಂದು ಕೇಳಿ. ಹಾಸನದಲ್ಲಿಯೋ ಶಿವಮೊಗ್ಗದಲ್ಲಿಯೋ ಇರುವವರಿಗೆ ಮೆಕ್ಯಾನಿಕಲ್ ಟ್ರಿಗರೇ ಕ್ಷೇಮ ಎಂದು ನನ್ನ ಭಾವನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಿಡಿ. ಕೈಗೆ ಒಪ್ಪುವಂತೆ ಮರದಲ್ಲಿ ಕಡೆದ ಈ ಗ್ರಿಪ್ಪುಗಳು ಸಣ್ಣ, ಮಧ್ಯಮ, ದೊಡ್ಡ ಎಂಬ ಅಳತೆಗಳಲ್ಲಿಯೂ, ಬಲಗೈ ಎಡಗೈಗಳಿಗೆ ಬೇರೆಬೇರೆಯಾಗಿಯೂ ಬರುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ದೊಡ್ಡವರ ಹಿಡಿಯ ಪಿಸ್ತೂಲನ್ನು ಮಗುವಿನ ಕೈಗೆ ಕೊಟ್ಟರೆ, ಅಣ್ಣನ ಬೂಟು ಹಾಕಿಕೊಂಡು ಓಟದ ಪಂದ್ಯಕ್ಕೆ ನಿಂತಂತಾಗುತ್ತದೆ. ಬೆಳೆಯುವ ಮಗುವಿನ ಹಸ್ತ ಎರಡು ಮೂರು ವರ್ಷದಲ್ಲಿ ಬದಲಾಗುತ್ತದೆ. ಇದು ಕೂಡ ಮೊದಲ ಪಿಸ್ತೂಲಿಗೆ ಎರಡು ಲಕ್ಷ ಸುರಿಯಬೇಡಿ ಎನ್ನುವುದಕ್ಕೆ ಒಂದು ಕಾರಣ. ತೂಕವನ್ನೂ ಗಮನಿಸಿ. ನಿಯಮದಂತೆ ಪಿಸ್ತೂಲು 1500 ಗ್ರಾಮಿನವರೆಗೆ ಇರಬಹುದು. ಆದರೆ ಒಂದೇ ಕೈಯಲ್ಲಿ, ತೋಳು ಚಾಚಿ, ಎಪ್ಪತ್ತೈದು ನಿಮಿಷದಲ್ಲಿ ಅರವತ್ತು ಸಲ ಅದನ್ನು ಎತ್ತಿ ಇಳಿಸಬೇಕಾದವರು ನೀವಲ್ಲ, ನಿಮ್ಮ ಮಗು.

ಕಾಗದಪತ್ರಗಳ ವಿಚಾರದಲ್ಲಿ ಸಂಕೋಚ ಬೇಡ. ನಮ್ಮ ದೇಶದಲ್ಲಿ 0.177 ಅಂಗುಲದ, ಅಂದರೆ 4.5 ಮಿಲಿಮೀಟರಿನ, 20 ಜೌಲ್ ಶಕ್ತಿಯನ್ನು ಮೀರದ ಏರ್ ಪಿಸ್ತೂಲನ್ನು ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಪಾಯಿಂಟ್ 22 ಪಿಸ್ತೂಲಿನ ಕಥೆ ಬೇರೆ, ಅದಕ್ಕೆ ಪರವಾನಗಿ ಬೇಕೇ ಬೇಕು. ಪರವಾನಗಿ ಬೇಡವೆಂದ ಮಾತ್ರಕ್ಕೆ ಕೈಯಿಂದ ಕೈಗೆ ಹಣ ಕೊಟ್ಟು ಚೀಲದಲ್ಲಿ ಹಾಕಿಕೊಂಡು ಬರಬೇಡಿ. ಮೂಲ ರಸೀದಿ ಕೇಳಿ. ಅದರಲ್ಲಿರುವ ಸಂಖ್ಯೆಯೂ ಪಿಸ್ತೂಲಿನ ಮೇಲಿನ ಸಂಖ್ಯೆಯೂ ಒಂದೇ ಆಗಿದೆಯೇ ನೋಡಿ. ಕ್ರೀಡಾಪಟುಗಳಿಗೆ ದೊರೆಯುವ ರಿಯಾಯಿತಿಯಲ್ಲಿ ಆಮದಾದ ಪಿಸ್ತೂಲಾದರೆ ಅದನ್ನು ಮಾರುವುದಕ್ಕೆ ನಿಬಂಧನೆಗಳಿರಬಹುದು, ವಿಚಾರಿಸಿಯೇ ಮುಂದುವರಿಯಿರಿ. ಮಾರುವವರು ಕೊಳ್ಳುವವರು ಇಬ್ಬರ ಹೆಸರು, ವಿಳಾಸ, ಗುರುತಿನ ದಾಖಲೆ, ದಿನಾಂಕಗಳಿರುವ ಪತ್ರವೊಂದನ್ನು ಬರೆದು ಇಬ್ಬರೂ ರುಜು ಮಾಡಿ, ಕ್ಲಬ್ಬಿಗೂ ಒಂದು ಪ್ರತಿ ಕೊಡಿ. ಮನೆಗೆ ತಂದ ಮೇಲೆ ಬೀಗ ಹಾಕಿಡಿ. ಗಾಳಿಯ ಪಿಸ್ತೂಲಾದರೂ ಕಣ್ಣು ಕಳೆಯಲು ಅದಕ್ಕೆ ಶಕ್ತಿಯಿದೆ. ಪೆಲೆಟ್ಟು ಸೀಸದ್ದು, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂಡಬಾರದು.

ಹೊಸದರ ಪರವಾಗಿ ವಾದಿಸುವವರ ಮಾತಿನಲ್ಲಿಯೂ ತಿರುಳಿಲ್ಲದಿಲ್ಲ. ಹೊಸ ಪಿಸ್ತೂಲಿಗೆ ಖಾತರಿಯಿದೆ, ಸಿಲಿಂಡರಿಗೆ ಪೂರ್ಣಾಯುಷ್ಯವಿದೆ, ಹಿಂದಿನವರು ಏನು ಮಾಡಿದ್ದರೋ ಎಂಬ ಅನುಮಾನವಿಲ್ಲ. ಮಾರುವವರೆಲ್ಲ ಸತ್ಯಹರಿಶ್ಚಂದ್ರರೂ ಅಲ್ಲ. ಅನುಕೂಲವಿರುವವರು ಹೊಸದನ್ನು ಕೊಂಡರೆ ನನ್ನ ಅಭ್ಯಂತರವೇನಿಲ್ಲ. ಆದರೆ ಹೊಸದು ಕೈಕೊಡುವುದೇ ಇಲ್ಲವೆಂಬ ಭ್ರಮೆ ಬೇಡ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ 25ರಂದು, ಅರ್ಹತಾ ಸುತ್ತಿನ ನಡುವೆಯೇ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ಅಮೂಲ್ಯವಾದ ನಿಮಿಷಗಳು ದುರಸ್ತಿಯಲ್ಲಿ ಕಳೆದುಹೋದವು. 575 ಅಂಕ ಗಳಿಸಿ ಹನ್ನೆರಡನೆಯವರಾಗಿ ಅವರು ಫೈನಲ್ಲನ್ನು ಕಳೆದುಕೊಂಡರು. ಜಗತ್ತಿನ ಶ್ರೇಷ್ಠ ಸ್ಪರ್ಧಿಯ, ಕಣ್ಣಿನಲ್ಲಿ ಕಣ್ಣಿಟ್ಟು ಕಾಯ್ದ ಪಿಸ್ತೂಲಿನ ಗತಿಯೇ ಹೀಗಾಗಬಹುದು. ಅಂದು ಕಾಯ್ದುಕೊಳ್ಳಬೇಕಾದದ್ದು ಮನಸ್ಸನ್ನು. ಮೂರು ವರ್ಷಗಳ ಬಳಿಕ, 2024ರ ಜುಲೈ 28ರಂದು, ಅದೇ ಸ್ಪರ್ಧೆಯ ಫೈನಲ್ಲಿನಲ್ಲಿ 221.7 ಅಂಕ ಗಳಿಸಿ ಅವರು ಕಂಚು ಗೆದ್ದದ್ದು ಹಾಗೆ ಕಾಯ್ದುಕೊಂಡ ಮನಸ್ಸಿನ ಬಲದಿಂದಲೇ ಎಂದು ನಾನು ನಂಬುತ್ತೇನೆ.

ಲೆಕ್ಕದ ಮೇಷ್ಟ್ರಾದ ಮೇಲೆ ಲೆಕ್ಕ ಹೇಳದೆ ಮುಗಿಸಲಾರೆ. ಪಂದ್ಯದಲ್ಲಿ 60 ಹೊಡೆತ, ಪೂರ್ಣಾಂಕ 600. ಪ್ರತಿ ಹೊಡೆತಕ್ಕೂ ಸರಾಸರಿ ಒಂಬತ್ತು ಅಂಕ ಬಂದರೆ ಮೊತ್ತ 540. ಐದು ಹೊಡೆತಗಳನ್ನು ಹತ್ತರ ವೃತ್ತದೊಳಗೇ ಕೂರಿಸಬಲ್ಲ ಪಿಸ್ತೂಲು ಕೈಯಲ್ಲಿದ್ದಾಗ ಕಳೆದುಹೋದ ಆ 60 ಅಂಕಗಳಿಗೆ ಪಿಸ್ತೂಲು ಹೊಣೆಯಲ್ಲ. ಉಸಿರು, ನಿಲುವು, ಬೆರಳು, ಏಕಾಗ್ರತೆ ಹೊಣೆ. ಅವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಇನ್ನು ಪೆಲೆಟ್ಟಿನ ಲೆಕ್ಕ. ಡಬ್ಬಿಯೊಂದರಲ್ಲಿ 500 ಇರುತ್ತವೆ. ದಿನಕ್ಕೆ ನೂರರಂತೆ ವಾರದಲ್ಲಿ ಐದು ದಿನ ಅಭ್ಯಾಸ ಮಾಡಿದರೆ ವಾರಕ್ಕೊಂದು ಡಬ್ಬಿ, ವರ್ಷಕ್ಕೆ ಸುಮಾರು ಐವತ್ತು ಡಬ್ಬಿ. ಇದರ ಮೇಲೆ ತರಬೇತಿಯ ಶುಲ್ಕ, ಪಂದ್ಯಗಳಿಗೆ ಹೋಗಿಬರುವ ರೈಲು ಬಸ್ಸಿನ ಖರ್ಚು, ಜೊತೆಗೆ ಹೋಗುವ ತಾಯಿಯ ಊಟ ವಸತಿ. ಇರುವ ಹಣವನ್ನೆಲ್ಲ ಪಿಸ್ತೂಲಿಗೇ ಸುರಿದ ಮನೆಯಲ್ಲಿ ಆರು ತಿಂಗಳಾಗುವಷ್ಟರಲ್ಲಿ, “ಇವತ್ತು ಇಪ್ಪತ್ತೇ ಹೊಡಿ ಪುಟ್ಟಿ, ಪೆಲೆಟ್ಟು ದುಬಾರಿ” ಎಂಬ ಮಾತು ಕೇಳಿಬರುತ್ತದೆ. ಬಳಸಿದ ಪಿಸ್ತೂಲು ಕೊಂಡು ಉಳಿಸಿದ ಹಣ ಅಂತಹ ಮಾತು ಬಾರದಂತೆ ನೋಡಿಕೊಳ್ಳುತ್ತದೆ. ಪೆಲೆಟ್ಟಿಲ್ಲದೆಯೂ ಟ್ರಿಗರ್ ಎಳೆದು ಅಭ್ಯಾಸ ಮಾಡುವ ಅನುಕೂಲ ಪಂದ್ಯದ ಪಿಸ್ತೂಲುಗಳಲ್ಲಿ ಇರುತ್ತದೆ. ಮನೆಯ ಗೋಡೆಯ ಮುಂದೆ ದಿನಕ್ಕೆ ಅರ್ಧ ಗಂಟೆ ಹಾಗೆ ನಿಲ್ಲುವುದಕ್ಕೆ ಖರ್ಚೇ ಇಲ್ಲ.

ಆದರೆ ನನ್ನ ನಿಜವಾದ ಆತಂಕ ಹಣದ್ದಲ್ಲ, ಮಗುವಿನದು. ತನಗಾಗಿ ಅಮ್ಮನ ಬಳೆ ಬ್ಯಾಂಕಿಗೆ ಹೋಗಿದೆಯೆಂದು ತಿಳಿದ ಮಗು ಗುರಿಯ ಮುಂದೆ ನಿಂತಾಗ ಅದರ ಕಣ್ಣಿಗೆ ಕಪ್ಪು ವೃತ್ತ ಮಾತ್ರ ಕಾಣುತ್ತದೆಯೇ? ಪಂದ್ಯದ ಪರಿಶೀಲಕರು ಪಿಸ್ತೂಲಿನ ತೂಕ ನೋಡುತ್ತಾರೆ, ಟ್ರಿಗರಿನ ತೂಕ ನೋಡುತ್ತಾರೆ. ಮನೆಯ ಸಾಲದ ತೂಕವನ್ನು ಯಾರೂ ತೂಗುವುದಿಲ್ಲ. ಅದನ್ನು ಆ ಮಗು ಒಂದೇ ಹೊರುತ್ತದೆ. ಇನ್ನೂ ಒಂದಿದೆ. ಎರಡು ವರ್ಷದ ನಂತರ ಅವಳಿಗೆ ಈ ಆಟ ಬೇಡವೆನಿಸಿದರೆ, ಬೇಡವೆನ್ನುವ ಸ್ವಾತಂತ್ರ್ಯ ಅವಳಿಗಿರಬೇಕು. “ಅಷ್ಟು ದುಡ್ಡು ಹಾಕಿದ್ದೇವೆ” ಎಂಬ ಒಂದು ವಾಕ್ಯ ಆ ಸ್ವಾತಂತ್ರ್ಯವನ್ನು ಕಸಿದುಬಿಡುತ್ತದೆ. ಮೂವತ್ತಾರು ವರ್ಷ ಮಕ್ಕಳ ಮುಖ ನೋಡಿದವನು ನಾನು. ತಂದೆಯ ಖರ್ಚಿಗೆ ಉತ್ತರ ಕೊಡಬೇಕಾಗಿ ಬಂದ ಮಗುವಿನ ಮುಖದಲ್ಲಿ ಕಲಿಕೆಯ ಕಳೆ ಉಳಿಯುವುದಿಲ್ಲ.

ಬಳಸಿದ್ದೆಂದರೆ ಕೀಳೆಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ ತಿಳಿಯದು. ಕೆಲವು ವರ್ಷ ನಾನು ಕೊಡಗಿನಲ್ಲಿ ಕೆಲಸ ಮಾಡಿದೆ. ಅಲ್ಲಿ ಕೈಲ್ ಪೊಳ್ದ್ ಹಬ್ಬದಂದು ಮನೆಯ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ತಾತ ಹಿಡಿದ ಕೋವಿಯನ್ನೇ ಮೊಮ್ಮಗನೂ ಹಿಡಿಯುತ್ತಾನೆ. ಅದನ್ನು ಯಾರೂ ಸೆಕೆಂಡ್ ಹ್ಯಾಂಡ್ ಎಂದು ಕರೆದದ್ದನ್ನು ನಾನು ಕೇಳಲಿಲ್ಲ. ಹಳೆಯದಾದಷ್ಟೂ ಅದಕ್ಕೆ ಗೌರವ. ಸಂಗೀತಗಾರರ ಮನೆಗಳಲ್ಲಿ ಗುರುವಿನ ವೀಣೆ ಶಿಷ್ಯರಿಗೆ ಬರುತ್ತದೆ. ಒಳ್ಳೆಯ ಕೈಯಿಂದ ಒಳ್ಳೆಯ ಕೈಗೆ ಬಂದ ಉಪಕರಣ ಕೀಳಲ್ಲ.

ನಮ್ಮ ರಾಜ್ಯದ ಉದಾಹರಣೆಗಳನ್ನೇ ಮಕ್ಕಳಿಗೆ ಹೇಳಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು 2013ರಲ್ಲಿ ದಕ್ಷಿಣ ಕೊರಿಯಾದ ಚಾಂಗ್‌ವಾನ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲಿನ ಕಂಚನ್ನೂ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ ಗೆದ್ದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. ಮೊದಲು ಬಾಸ್ಕೆಟ್‌ಬಾಲ್ ಆಡುತ್ತಿದ್ದವರು. ಆಮೇಲೆ ಪಿಸ್ತೂಲು ಹಿಡಿದು 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದರು. ಉತ್ತರ ಪ್ರದೇಶದ ರೈತ ಕುಟುಂಬದ ಸೌರಭ್ ಚೌಧರಿ 2018ರಲ್ಲಿ, ಹದಿನಾರರ ಹರೆಯದಲ್ಲೇ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದರು. ಈ ಮೂವರ ಹಾದಿಗಳೂ ಬೇರೆ, ಆರಂಭದ ವಯಸ್ಸುಗಳೂ ಬೇರೆ. ಈ ಆಟದಲ್ಲಿ ತಡವಾಯಿತೆಂಬ ಗಾಬರಿ ಬೇಕಿಲ್ಲ. ಆದ್ದರಿಂದ ನಾಳೆಯೇ ಕೊಳ್ಳಬೇಕೆಂಬ ಆತುರವೂ ಬೇಕಿಲ್ಲ. ಕನಿಷ್ಠ ಒಂದು ವರ್ಷ ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಲಿ. ಬೆಳಗಿನ ಚಳಿಯಲ್ಲಿ ಯಾರೂ ಎಬ್ಬಿಸದೆ ತಾನೇ ಎದ್ದು ಹೊರಡುವ ಮಗುವಿಗೆ ಮಾತ್ರ ಸ್ವಂತ ಪಿಸ್ತೂಲಿನ ಮಾತು.

ಇಷ್ಟು ಹೇಳಿದಾಗ ನನ್ನ ಆ ಹಳೆಯ ವಿದ್ಯಾರ್ಥಿ ಕೇಳಿದ, “ಒಳ್ಳೆಯ ಹಳೆಯ ಪಿಸ್ತೂಲು ಎಲ್ಲಿ ಸಿಗುತ್ತದೆ ಸಾರ್? ಯಾರೂ ಮಾರುವುದೇ ಇಲ್ಲ.” ಅವನ ಪ್ರಶ್ನೆ ನ್ಯಾಯವಾದದ್ದು. ಉತ್ತರ ನಮ್ಮ ನಿಮ್ಮ ಮನೆಗಳ ಬೀರುಗಳಲ್ಲಿದೆ. ಎಸ್ಸೆಸ್ಸೆಲ್ಸಿಯವರೆಗೆ ಉತ್ಸಾಹದಿಂದ ಗುರಿ ಹೊಡೆದ ಮಕ್ಕಳು ದ್ವಿತೀಯ ಪಿಯುಸಿ, ಸಿಇಟಿ, ನೀಟ್ ಎನ್ನುತ್ತಲೇ ರೇಂಜಿಗೆ ಹೋಗುವುದನ್ನು ನಿಲ್ಲಿಸುತ್ತಾರೆ. ನನ್ನ ಬಂಧುವರ್ಗದಲ್ಲೇ ಇಂತಹ ಎರಡು ಮನೆಗಳನ್ನು ಬಲ್ಲೆ. ಪಿಸ್ತೂಲು ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತದೆ. ಕೊಟ್ಟುಬಿಡಿ ಎಂದರೆ, “ನೆನಪಿಗೆ ಇರಲಿ ಬಿಡಿ ಮಾವ” ಎನ್ನುತ್ತಾರೆ. ನೆನಪಿಗೆ ಪದಕಗಳಿವೆ, ಭಾವಚಿತ್ರಗಳಿವೆ. ಪಿಸ್ತೂಲಿನ ಸಿಲಿಂಡರಿನ ಹತ್ತು ವರ್ಷ ಮಾತ್ರ ಬೀರುವಿನೊಳಗೂ ಒಂದೊಂದಾಗಿ ಕಳೆಯುತ್ತಲೇ ಇರುತ್ತದೆ. ರಬ್ಬರಿನ ಉಂಗುರಗಳು ಬಳಸದಿದ್ದರೂ ಒಣಗಿ ಬಿರಿಯುತ್ತವೆ. ಇಂದು ಲಕ್ಷ ಬೆಲೆಬಾಳುವುದು ಐದು ವರ್ಷದ ನಂತರ ಯಾರಿಗೂ ಬೇಡವಾದ ಲೋಹದ ತುಂಡಾಗುತ್ತದೆ.

ಆದ್ದರಿಂದ ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮಗ ಮಗಳು ಆಟ ಬಿಟ್ಟಾಗ ಆರು ತಿಂಗಳು ಕಾಯಿರಿ. ಮರಳುವ ಮನಸ್ಸಿಲ್ಲವೆಂದು ಖಚಿತವಾದರೆ ಪಿಸ್ತೂಲನ್ನು ನ್ಯಾಯವಾದ ಬೆಲೆಗೆ ಕೊಟ್ಟುಬಿಡಿ. ಸ್ಥಿತಿವಂತರಾದರೆ ಕ್ಲಬ್ಬಿಗೋ, ಗುರಿ ಕಲಿಸುವ ಶಾಲೆಗೋ ದಾನವಾಗಿ ನೀಡಿ. ಕೊಡುವಾಗ ಸಿಲಿಂಡರಿನ ದಿನಾಂಕ, ಹಿಂದೆ ಆದ ದುರಸ್ತಿ, ಇರುವ ದೋಷ ಎಲ್ಲವನ್ನೂ ಮುಚ್ಚಿಡದೆ ಒಂದು ಹಾಳೆಯಲ್ಲಿ ಬರೆದು ಕೊಡಿ. ಹಳೆಯ ಪಿಸ್ತೂಲು ಕೊಳ್ಳಲು ಜನ ಅಂಜುವುದು ಪಿಸ್ತೂಲಿಗಲ್ಲ, ಮಾರುವವನ ಮೌನಕ್ಕೆ. ಆ ಒಂದು ಹಾಳೆಯಿಂದ ಅಂಜಿಕೆ ಹೋಗುತ್ತದೆ. ಎಷ್ಟೋ ಮನೆಗಳ ಒಡವೆ ಉಳಿಯುತ್ತದೆ, ಎಷ್ಟೋ ಮಕ್ಕಳ ಆಟವೂ ಉಳಿಯುತ್ತದೆ.

ಅಂತಹ ಪಿಸ್ತೂಲೊಂದು ನಿಮ್ಮ ಮನೆಯಲ್ಲಿ ಸುಮ್ಮನೆ ಮಲಗಿದ್ದರೆ ಒಮ್ಮೆ ನನಗೆ ದೂರವಾಣಿ ಮಾಡಿ. ಬಲಗೈಯ ಸಣ್ಣ ಹಿಡಿ, ಮೆಕ್ಯಾನಿಕಲ್ ಟ್ರಿಗರ್, ಸಿಲಿಂಡರಿಗೆ ಇನ್ನೂ ನಾಲ್ಕೈದು ವರ್ಷವಾದರೂ ಆಯುಷ್ಯವಿರಬೇಕು. ಕೊಳ್ಳುವವರು ಸಿದ್ಧರಿದ್ದಾರೆ. ಎಲ್ಲ ಮಕ್ಕಳಿಗೂ ಶುಭವಾಗಲಿ.